ದಾವಣಗೆರೆಯಿಂದ ಬೆಂಗಳೂರಿಗೆ ಗಂಡ-ಹೆಂಡತಿ ಇಬ್ಬರೂ ಬರ್ತಿದ್ದೀವಿ. ಎಂಥ ಮನೆ ಹಿಡಿಯೋದು, ಮೊದಲ ತಿಂಗಳು ಏನೇನು ಮಾಡ್ಕೋಬೇಕು?

ನೀವು ಬರೆದಿರೋದು ಇಷ್ಟು: ಮದುವೆಯಾಗಿ ನಾಲ್ಕು ತಿಂಗಳು, ನಿಮಗೆ ಪೀಣ್ಯದಲ್ಲಿ ಕೆಲಸ, ನಿಮ್ಮ ಮನೆಯವರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಕೈಯಲ್ಲಿ ಒಂದೂವರೆ ಲಕ್ಷ ಇದೆ, ಬಾಡಿಗೆ 18 ಸಾವಿರ ದಾಟಬಾರದು. "ಸ್ವಲ್ಪ ಗಾಳಿ ಬೆಳಕಿರೋ, ಚೆನ್ನಾಗಿ ಕಾಣೋ ಮನೆ" ಬೇಕು ಅಂದಿದ್ದೀರಿ. ಗಾಳಿ ಬೆಳಕು ಸರಿ. ಚೆನ್ನಾಗಿ ಕಾಣೋದನ್ನ ಕೊನೆಗಿಡಿ. ಬೆಂಗಳೂರಲ್ಲಿ ಮನೆ ಅಂದರೆ ಮೊದಲು ದಾರಿ, ಜೊತೆಗೇ ನೀರು. ಇವೆರಡು ಸರಿ ಇಲ್ಲದಿದ್ದರೆ ಎಂಥ ಟೈಲ್ಸ್ ಇದ್ದರೂ ಹನ್ನೊಂದು ತಿಂಗಳಿಗೆ ಮತ್ತೆ ಲಾರಿ ಕರೆಸ್ತೀರಿ.

ಪೀಣ್ಯ ಊರಿನ ವಾಯುವ್ಯದಲ್ಲಿ, ಎಲೆಕ್ಟ್ರಾನಿಕ್ ಸಿಟಿ ಆಗ್ನೇಯದಲ್ಲಿ. ಮ್ಯಾಪ್ ನೋಡಿದರೆ ತಲೆ ಕೆಡುತ್ತೆ, ಆದರೆ ನಿಮ್ಮಿಬ್ಬರ ಅದೃಷ್ಟಕ್ಕೆ ಎರಡಕ್ಕೂ ಮೆಟ್ರೋ ಇದೆ. ಹಸಿರು ಮಾರ್ಗ ಪೀಣ್ಯದಿಂದ ಯಶವಂತಪುರ, ಮೆಜೆಸ್ಟಿಕ್, ನ್ಯಾಷನಲ್ ಕಾಲೇಜು, ಜಯನಗರ ದಾಟಿ ಆರ್.ವಿ. ರಸ್ತೆಗೆ ಬರುತ್ತೆ. ಅಲ್ಲಿಂದ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ ಹೋಗುತ್ತೆ. ಹಾಗಾಗಿ ಮನೆ ನ್ಯಾಷನಲ್ ಕಾಲೇಜಿನಿಂದ ಬನಶಂಕರಿ ತನಕದ ಪಟ್ಟಿಯಲ್ಲಿ ಹುಡುಕಿ. ನೀವು ಒಂದೇ ರೈಲಲ್ಲಿ ಪೀಣ್ಯ ಮುಟ್ತೀರಿ, ಅವರು ಆರ್.ವಿ. ರಸ್ತೆಯಲ್ಲಿ ಒಂದು ಸಲ ಇಳಿದು ಹತ್ತಬೇಕು. ಬಸವನಗುಡಿ, ಜಯನಗರದ ಮುಖ್ಯ ಭಾಗ ನಿಮ್ಮ ಬಜೆಟ್ಟಿಗೆ ಬಗ್ಗೋದು ಕಷ್ಟ. ತ್ಯಾಗರಾಜನಗರ, ಹನುಮಂತನಗರ, ಶ್ರೀನಗರ ಕಡೆ ಹಳೇ ಮನೆಗಳ ಮೊದಲನೇ, ಎರಡನೇ ಮಹಡಿ ನೋಡಿ. ಒಬ್ಬರ ಆಫೀಸಿನ ಪಕ್ಕದಲ್ಲೇ ಮನೆ ಹಿಡಿಯೋ ಯೋಚನೆ ಇದ್ದರೆ ಬಿಡಿ. ಇನ್ನೊಬ್ಬರು ದಿನಾ ರಾತ್ರಿ ಒಂಬತ್ತಕ್ಕೆ ಸೋತು ಬಂದು ಕೂತರೆ ಅಡುಗೆ, ಬಟ್ಟೆ, ಕಸ ಎಲ್ಲ ಒಬ್ಬರ ತಲೆ ಮೇಲೇ ಬೀಳುತ್ತೆ. ಹೊಸ ಸಂಸಾರದ ಅರ್ಧ ಜಗಳ ಅಲ್ಲಿಂದಲೇ.

ಮನೆ ಭಾನುವಾರ ನೋಡಿ, ದಾರಿಯನ್ನ ಮಾತ್ರ ವಾರದ ದಿನ ನೋಡಿ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಆ ಮನೆ ಬಾಗಿಲಿಂದ ಸ್ಟೇಷನ್ನಿಗೆ ನಡೆದು, ರೈಲು ಹತ್ತಿ, ಆಫೀಸಿನ ಗೇಟ್ ತನಕ ಒಮ್ಮೆ ಹೋಗಿ ಬನ್ನಿ. ಹಳದಿ ಮಾರ್ಗದಲ್ಲಿ ರೈಲುಗಳ ನಡುವಿನ ಅಂತರ ಹಸಿರಿಗಿಂತ ಜಾಸ್ತಿ, ಕಾಯೋ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ. ನಿಮಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗಿರೋ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ: ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಕೇಳಿ ಪಡೀಬೇಕು. ಎಸಿ ವಜ್ರ ಬಸ್ಸಿಗೆ, ಮೆಟ್ರೋಗೆ ಅದು ನಡೆಯಲ್ಲ.

ಈಗ ನೀರು. ಊರಿನ ಹಳೇ ಬಡಾವಣೆಗಳನ್ನ ನಾನು ಹೇಳ್ತಿರೋದು ಇದಕ್ಕೂ ಹೌದು. ಅಲ್ಲಿ ಕಾವೇರಿ ಸಂಪರ್ಕ ಇರುತ್ತೆ. ಹೊರಗಿನ ಹೊಸ ಲೇಔಟುಗಳಲ್ಲಿ ಎಷ್ಟೋ ಕಡೆ ಬೋರ್‌ವೆಲ್ಲೇ ಗತಿ, ಅದು ಬತ್ತಿದರೆ ಟ್ಯಾಂಕರ್. ಕಾವೇರಿ ಇದ್ದರೂ ಹೆಚ್ಚಿನ ಕಡೆ ದಿನ ಬಿಟ್ಟು ದಿನ ಬರುತ್ತೆ. ನೂರು ಕಿಲೋಮೀಟರ್ ಹತ್ತಿರ ದೂರದ ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಪಂಪ್ ಮಾಡಿ ಮೇಲೆ ತರೋ ನೀರದು. ಅಲ್ಲಿ ದುರಸ್ತಿ ಇದ್ದ ದಿನ ಇಲ್ಲಿ ನಲ್ಲಿ ಒಣಗುತ್ತೆ. ಹಾಗಾಗಿ ಮನೆ ನೋಡುವಾಗ "ನೀರಿದೆಯಾ" ಅಂತ ಕೇಳಬೇಡಿ, ಎಲ್ಲರೂ "ಇದೆ" ಅಂತಲೇ ಹೇಳ್ತಾರೆ. ಸಂಪು ಎಷ್ಟು ಲೀಟರಿನದು, ಕಟ್ಟಡದಲ್ಲಿ ಎಷ್ಟು ಮನೆ, ಕಾವೇರಿ ಮತ್ತು ಬೋರ್‌ವೆಲ್ ಎರಡೂ ಒಂದೇ ಸಂಪಿಗೆ ಬೀಳುತ್ತಾ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಅಂತ ಕೇಳಿ. ನಗರದ ನೀರಿನ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್. ಎಂಟು ಮನೆ, ಮನೆಗೆ ಮೂರು ಜನ ಅಂದರೆ ದಿನಕ್ಕೆ 3,240 ಲೀಟರ್. ಆರು ಸಾವಿರ ಲೀಟರಿನ ಒಂದು ಟ್ಯಾಂಕರ್ ಪೂರಾ ಎರಡು ದಿನಕ್ಕೂ ಬರಲ್ಲ. ಏಪ್ರಿಲ್ ತಿಂಗಳ ಖರ್ಚು ಇದರಲ್ಲೇ ಗೊತ್ತಾಗುತ್ತೆ. ಓನರ್ ಹೇಳಿದ್ದನ್ನ ಕೇಳಿಸಿಕೊಂಡು, ಇಳಿಯುವಾಗ ಪಕ್ಕದ ಮನೆ ಬಾಡಿಗೆಯವರನ್ನ ಒಂದು ಮಾತು ಕೇಳಿ.

ಬಾಯಲ್ಲಿ ಹೇಳದ್ದನ್ನ ಬಚ್ಚಲುಮನೆ ಹೇಳುತ್ತೆ. ನಲ್ಲಿಯ ಮೂತಿಯಲ್ಲಿ ಸುಣ್ಣದ ಹಾಗೆ ಬಿಳಿ ಪದರ ಕಟ್ಟಿದೆಯಾ, ಶವರಿನ ತೂತುಗಳಲ್ಲಿ ಅರ್ಧಕ್ಕರ್ಧ ಮುಚ್ಚಿವೆಯಾ, ಬಕೆಟ್ ಒಳಗೆ ಉಂಗುರದ ಗುರುತು ಇದೆಯಾ ನೋಡಿ. ಇದ್ದರೆ ಅದು ಗಡಸು ನೀರು. ಅನುಮಾನ ಇದ್ದರೆ ಸೋಪು ಹಚ್ಚಿ ಕೈ ತೊಳೆಯಿರಿ, ನೊರೆ ಬರೋಕೆ ಒದ್ದಾಡುತ್ತೆ. ಮೇಲಿನ ಮಹಡಿ ಆದರೆ ಇನ್ನೊಂದು ತೊಂದರೆ: ಟ್ಯಾಂಕ್ ನಿಮ್ಮ ತಲೆ ಮೇಲೇ ಇರುತ್ತೆ, ಒತ್ತಡ ಸಾಲಲ್ಲ. ಹತ್ತು ಅಡಿ ಎತ್ತರದ ನೀರಿಗೆ ಸಿಗೋದು 0.3 ಬಾರ್ ಒತ್ತಡ ಅಷ್ಟೇ. ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಅಂಥ ಕಡೆ ನೀರು ಬರ್ತಿಲ್ಲ ಅಂತ ಎರರ್ ತೋರಿಸಿ ಸುಮ್ಮನಾಗುತ್ತೆ. ಶವರ್ ಬಿಟ್ಟು ನೋಡಿ, ಧಾರೆ ಸೊರಗಿದ್ದರೆ ಟಾಪ್ ಲೋಡ್ ಮಷಿನ್ನೇ ತಗೊಳ್ಳಿ.

ಗಡಸು ನೀರಿನ ಮನೆಯೇ ಸಿಕ್ಕಿತು ಅನ್ನಿ. ಮೊದಲ ವಾರವೇ ಬೇಳೆ ಬೇಯಲ್ಲ. ನಾಲ್ಕು ವಿಸಿಲ್, ಆರು ವಿಸಿಲ್, ಬೇಳೆ ಕಾಳುಕಾಳಾಗಿಯೇ ಇರುತ್ತೆ. ಕುಕ್ಕರಿನ ತಪ್ಪೂ ಅಲ್ಲ, ಅಂಗಡಿಯವನ ತಪ್ಪೂ ಅಲ್ಲ. ನೀರಿನ ಕ್ಯಾಲ್ಸಿಯಂ ಬೇಳೆಯೊಳಗೆ ಅಂಟಿನ ಹಾಗಿರೋ ಪೆಕ್ಟಿನ್ ಜೊತೆ ಕೂಡಿ ಅದರ ಜೀವಕೋಶಗಳ ಗೋಡೆಯನ್ನ ಗಟ್ಟಿ ಮಾಡುತ್ತೆ. ಬೇಳೆಯನ್ನ ಅರ್ಧ ಗಂಟೆ ನೆನೆಸಿ, ಕುಡಿಯೋ ಕ್ಯಾನ್ ನೀರಲ್ಲೇ ಬೇಯಿಸಿ. ಟೊಮೆಟೊ, ಹುಣಸೆಹುಳಿ ಬೇಳೆ ಬೆಂದ ಮೇಲೆ ಹಾಕಿ, ಹುಳಿ ಇದ್ದರೂ ಬೇಳೆ ಬಿರುಸಾಗೇ ಇರುತ್ತೆ. ಅಡುಗೆಗೂ ಕುಡಿಯೋಕೂ ಸೇರಿ ಇಬ್ಬರಿಗೆ 20 ಲೀಟರಿನ ಕ್ಯಾನ್ ಎರಡು ದಿನ ಬರುತ್ತೆ. ವಾರ್ಡಿನಲ್ಲಿ ನಾಣ್ಯ ಹಾಕೋ ಶುದ್ಧ ನೀರಿನ ಘಟಕ ಇದ್ದರೆ ಎರಡು ಸ್ವಂತ ಕ್ಯಾನ್ ಇಟ್ಟುಕೊಳ್ಳಿ, ತುಂಬಾ ಅಗ್ಗ.

ದುಡ್ಡಿನ ವಿಷಯ. ಮೊದಲೆಲ್ಲ ಹತ್ತು ತಿಂಗಳ ಅಡ್ವಾನ್ಸ್ ಇತ್ತು, ಈಗ ಐದಾರು ತಿಂಗಳಿಗೂ ಒಪ್ತಾರೆ. ಬಾಡಿಗೆ 18 ಸಾವಿರ, ಅಡ್ವಾನ್ಸ್ ಆರು ತಿಂಗಳದ್ದು ಅಂದರೆ 1,08,000. ಮೊದಲ ತಿಂಗಳ ಬಾಡಿಗೆ 18,000, ಬ್ರೋಕರಿಗೆ ಒಂದು ತಿಂಗಳದ್ದು 18,000. ಒಟ್ಟು 1,44,000. ನಿಮ್ಮ ಒಂದೂವರೆ ಲಕ್ಷದಲ್ಲಿ ಲಾರಿಗೂ ಉಳಿಯಲ್ಲ. 15 ಸಾವಿರದ ಮನೆಗೆ ಇದೇ ಲೆಕ್ಕ 1,20,000 ಆಗುತ್ತೆ, 30 ಸಾವಿರ ಕೈಯಲ್ಲಿ ಉಳಿಯುತ್ತೆ. ನಾನಾದರೆ 15ರ ಮನೆಯನ್ನೇ ಹುಡುಕ್ತೀನಿ. ಇಬ್ಬರಲ್ಲಿ ಒಬ್ಬರ ಕೆಲಸ ಹೋದರೂ ಇನ್ನೊಬ್ಬರ ಸಂಬಳದಲ್ಲಿ ಬಾಡಿಗೆ ನಿಭಾಯಿಸೋ ಹಾಗಿರಬೇಕು.

ಕರಾರು ಹನ್ನೊಂದು ತಿಂಗಳಿಗೆ ಇರೋದು ಯಾಕೆ ಅಂದರೆ, ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಕರಾರಿನಲ್ಲಿ ಇಬ್ಬರ ಹೆಸರೂ ಹಾಕಿಸಿ. ಬ್ಯಾಂಕಿಗೆ, ಗ್ಯಾಸಿಗೆ ವಿಳಾಸದ ದಾಖಲೆ ಕೇಳಿದಾಗ ಒಬ್ಬರ ಹೆಸರು ಮಾತ್ರ ಇದ್ದರೆ ಇನ್ನೊಬ್ಬರು ಅಲೀಬೇಕಾಗುತ್ತೆ. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳೋದು ಇಲ್ಲಿನ ರೂಢಿ, ಒಂದು ವರ್ಷದೊಳಗೆ ಬಿಟ್ಟರೂ ಪೂರ್ತಿ ಹಿಡೀತಾರಾ ಅಂತ ಈಗಲೇ ಬರೆಸಿ. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟೋದರಿಂದ, ಹಳೇ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ (ಎಚ್‌ಆರ್‌ಎ) ವಿನಾಯಿತಿ ಬೇಕಿದ್ದರೆ ಓನರ್‌ ಪ್ಯಾನ್ ನಂಬರ್ ಬೇಕು. ಅಡ್ವಾನ್ಸ್ ಕೊಡೋ ಮುಂಚೆ ಕೇಳಿ, ಆಮೇಲೆ ಕೇಳಿದರೆ ಮುಖ ತಿರುಗಿಸ್ತಾರೆ. ಮನೆ ತೋರಿಸೋಕೂ ಮುಂಚೆ "ಗೇಟ್ ಪಾಸಿಗೆ" ಅಂತ ಫೋನಿನಲ್ಲಿ ದುಡ್ಡು ಕೇಳಿದರೆ ಅದು ಮೋಸ. "ಲೀಸಿಗೆ ಇದೆ, ಬಾಡಿಗೆ ಇಲ್ಲ" ಅನ್ನೋ ಬೋರ್ಡಿಗೆ ಋಣಭಾರ ಪತ್ರ ನೋಡದೆ ಕೈ ಹಾಕಬೇಡಿ. ಮನೆ ಬ್ಯಾಂಕಿಗೆ ಅಡವಿದ್ದರೆ ನಿಮ್ಮ ದುಡ್ಡು ಅದರ ಜೊತೆ ಸಿಕ್ಕಿಕೊಳ್ಳುತ್ತೆ.

ಕರೆಂಟು. ಗೃಹಜ್ಯೋತಿ ಬಾಡಿಗೆಯವರಿಗೂ ಇದೆ, ಆದರೆ ಎಲ್ಲರಿಗೂ 200 ಯೂನಿಟ್ ಉಚಿತ ಅಲ್ಲ. ಆ ಮೀಟರಿನ ಹಳೇ ಸರಾಸರಿ ನೋಡಿ, ಅದರ ಮೇಲೆ ಒಂದಿಷ್ಟು ಸೇರಿಸಿ ಮಿತಿ ಹಾಕ್ತಾರೆ. ಹಳೇ ಲೆಕ್ಕವೇ ಇಲ್ಲದ ಹೊಸ ಮನೆಗೆ 53 ಯೂನಿಟ್, ಜೊತೆಗೆ ಶೇಕಡ 10, ಅಂದರೆ 58. ಈಗ ಕೂಡಿ ನೋಡಿ. 15 ಲೀಟರಿನ, 2 ಕಿಲೋವ್ಯಾಟಿನ ಗೀಸರ್ ಒಮ್ಮೆ ಕಾಯೋಕೆ ಹದಿನೆಂಟು ನಿಮಿಷ, 0.6 ಯೂನಿಟ್. ಇಬ್ಬರಿಗೆ ದಿನಕ್ಕೆ ಎರಡು ಸಲ ಕಾಯಿಸಿದರೆ ತಿಂಗಳಿಗೆ 36. ಚಿಕ್ಕ ಫ್ರಿಜ್ಜಿಗೆ ಸುಮಾರು 15, ರಾತ್ರಿಯೆಲ್ಲ ತಿರುಗೋ ಒಂದು ಫ್ಯಾನಿಗೆ 18. ಲೈಟು ಹಾಕೋಕೂ ಮುಂಚೆಯೇ 69 ಆಯಿತು. ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ ನಿಮ್ಮದೇ. ಗಡಸು ನೀರಿನಲ್ಲಿ ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟಿದರೆ ಇನ್ನೂ ನಿಧಾನ ಕಾಯುತ್ತೆ. ಊರಲ್ಲಿ ನಿಮ್ಮ ಆಧಾರ್ ಯಾವುದಾದರೂ ಮೀಟರಿಗೆ ಜೋಡಣೆ ಆಗಿದ್ದರೆ ಅಲ್ಲಿ ಬಿಡಿಸಿಕೊಂಡು ಬನ್ನಿ. ಹೊಸ ಮನೆಯಲ್ಲಿ ಹಿಂದಿನ ಬಾಡಿಗೆಯವರು ಬಿಡಿಸಿದ್ದಾರಾ ಕೇಳಿ, ಆಮೇಲೆ ಬಿಲ್ಲಿನಲ್ಲಿರೋ ಅಕೌಂಟ್ ಐಡಿ ಹಿಡಿದು ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ. ಸೇರೋ ದಿನ ಮೀಟರ್ ರೀಡಿಂಗಿನ ಫೋಟೋ ತೆಗೆದಿಟ್ಟುಕೊಳ್ಳಿ. ಕರೆಂಟ್ ಹೋದರೆ 1912, ನೀರಿಗೆ 1916.

ಗ್ಯಾಸ್ ಸಂಪರ್ಕ ಇದ್ದರೆ ಸಿಲಿಂಡರ್ ಹೊತ್ತು ತರಬೇಡಿ. ದಾವಣಗೆರೆ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಎರಡೂ ಒಪ್ಪಿಸಿ, ಠೇವಣಿ ವಾಪಸ್ ಪಡೆದು, ಟ್ರಾನ್ಸ್‌ಫರ್ ವೋಚರ್ ಬರೆಸಿಕೊಳ್ಳಿ. ಇಲ್ಲಿ ನಿಮ್ಮ ಪಿನ್‌ಕೋಡಿನ ಏಜೆನ್ಸಿಗೆ ಅದನ್ನ ಕೊಟ್ಟು ಠೇವಣಿ ಕಟ್ಟಿದರೆ ಹೊಸದು ಸಿಗುತ್ತೆ. ನಡುವಿನ ದಿನಗಳಿಗೆ 5 ಕೆಜಿಯ ಚಿಕ್ಕ ಸಿಲಿಂಡರ್ ಸಿಗುತ್ತೆ, ವಿಳಾಸದ ದಾಖಲೆ ಬೇಡ. ಕೇಸರಿ ಪೈಪ್ ಐದು ವರ್ಷಕ್ಕಿಂತ ಹಳೇದಾದರೆ ಬಿಸಾಕಿ. ಮನೆಗೆ ಪೈಪ್ ಗ್ಯಾಸ್ ಇದ್ದರೆ ನಿಮ್ಮ ಒಲೆ ಹಾಗೇ ಉರಿಯಲ್ಲ, ಬರ್ನರಿನ ಜೆಟ್ ಬದಲಾಯಿಸಬೇಕು.

ಕಸಕ್ಕೆ ಎರಡು ಬಕೆಟ್, ಒಂದು ಚೀಲ. ಹಸಿರು ಬಕೆಟ್ಟಿಗೆ ಹಸಿ ಕಸ, ಕೆಂಪಿಗೆ ಪ್ಯಾಡ್, ಬ್ಯಾಂಡೇಜಿನಂಥವು ಪೇಪರಿನಲ್ಲಿ ಸುತ್ತಿ, ಚೀಲಕ್ಕೆ ಒಣ ಕಸ. ಹಸಿರು ಬಕೆಟ್ಟಿಗೆ ಪ್ಲಾಸ್ಟಿಕ್ ಕವರ್ ಹಾಕಬೇಡಿ, ಗಾಡಿಯವರು ತಗೊಳ್ಳಲ್ಲ. ಸಾರಿನ ಗಷ್ಟು ಸೋಸಿ ಹಾಕಿ, ನೀರು ನಿಂತರೆ ಎರಡೇ ದಿನಕ್ಕೆ ಹುಳ. ಗಾಡಿ ಬರೋ ಹೊತ್ತಿಗೆ ಇಬ್ಬರೂ ಮನೆಯಲ್ಲಿರಲ್ಲ ಅಂತಾದರೆ ಕೆಳಗಿನ ಮನೆಯ ಆಂಟಿ ಜೊತೆ ಮೊದಲ ದಿನವೇ ಮಾತಾಡಿಕೊಳ್ಳಿ.

ಊರಿಂದ ಏನು ತರೋದು ಅಂದಿರಿ. ಗಾಡ್ರೇಜ್ ಬೀರು ತರೋ ಮುಂಚೆ ಇಲ್ಲಿನ ಮೆಟ್ಟಿಲಿನ ತಿರುವನ್ನ ಅಳೀರಿ, ಎಷ್ಟೋ ಬೀರು ಕೆಳಗೇ ಉಳಿದಿವೆ. ಜೋಳ ಮಾತ್ರ ತನ್ನಿ, ಹಿಟ್ಟಲ್ಲ. ಹಿಟ್ಟು ಹಳೇದಾದಷ್ಟೂ ಜಿಗಿ ಹೋಗಿ ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತೆ. ಎರಡೆರಡು ಕೆಜಿ ಬೀಸಿಸಿಕೊಳ್ಳಿ. ಗಿರಣಿ ಅಂದರೆ ಇಲ್ಲಿ ಕೆಲವರಿಗೆ ಅರ್ಥವಾಗಲ್ಲ, ಫ್ಲೋರ್ ಮಿಲ್ ಅನ್ನಿ. ರಾಗಿ ಬೀಸಿದ ಬೆನ್ನಿಗೇ ಕೊಟ್ಟರೆ ಬಿಳಿ ಜೋಳ ಕಂದಾಗಿ ಬರುತ್ತೆ, ಗೋಧಿ ಬೀಸಿದ ಮೇಲೆ ಹಾಕಿಸಿ.

ಜೋಳ ತರೋಕೆ ಊರಿಗೆ ಹೋಗೋ ಶುಕ್ರವಾರ ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಬೇಡಿ, ತುಮಕೂರು ರಸ್ತೆ ಮುಟ್ಟೋಕೇ ಒಂದು ಗಂಟೆ ತಿನ್ನುತ್ತೆ. ಟಿಕೆಟ್ ಮಾಡುವಾಗ ಹತ್ತೋ ಜಾಗ ಗೊರಗುಂಟೆಪಾಳ್ಯವೋ ಜಾಲಹಳ್ಳಿ ಕ್ರಾಸೋ ಅಂತ ಕೊಡಿ. ನೀವು ಪೀಣ್ಯದಿಂದಲೇ ಅಲ್ಲಿಗೆ ಬನ್ನಿ, ನಿಮ್ಮ ಮನೆಯವರು ಮೆಟ್ರೋದಲ್ಲಿ ಬಂದು ಅಲ್ಲೇ ಇಳೀಲಿ.