ಹಸಿರು ಲೇಪನದೊಳಗಿನ ತಂತಿ ಎಷ್ಟು ದಪ್ಪ?

ಪ್ರಶ್ನೆ: ಮನೆಯ ಹಿತ್ತಲಿಗೆ ಪ್ಲಾಸ್ಟಿಕ್ ಲೇಪನದ ಚೈನ್ ಲಿಂಕ್ ಬೇಲಿ ಹಾಕಿಸಬೇಕೆಂದಿದ್ದೇವೆ. ಒಟ್ಟು 40 ಮೀಟರ್ ಉದ್ದ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ಒಂದು ದೊಡ್ಡ ನಾಯಿ ಇದ್ದಾರೆ. ಇಬ್ಬರು ವ್ಯಾಪಾರಿಗಳ ಹತ್ತಿರ ವಿಚಾರಿಸಿದೆ. ಜಾಲರಿ ನೋಡಲು ಒಂದೇ ಥರ, ತಂತಿಯ ದಪ್ಪ ಇಬ್ಬರೂ ‘10 ಗೇಜ್’ ಅನ್ನುತ್ತಾರೆ, ಬೆಲೆಯಲ್ಲಿ ಮಾತ್ರ ತುಂಬಾ ವ್ಯತ್ಯಾಸ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ‘ಈ 10 ಗೇಜ್ ಲೇಪನ ಸೇರಿಸಿಯೋ, ಬಿಟ್ಟೋ?’ ಬೆಲೆಯ ವ್ಯತ್ಯಾಸ ಬಹುಮಟ್ಟಿಗೆ ಅಲ್ಲೇ ಇರುತ್ತದೆ.

10 ಗೇಜ್ ಅಂದರೆ ಸಾಮಾನ್ಯವಾಗಿ 3.25 ಮಿ.ಮೀ. ಲೇಪನ ಸೇರಿಸಿ ಅಷ್ಟು ಎಂದಾದರೆ, ಸುತ್ತಲೂ 0.4 ಮಿ.ಮೀ. ಪ್ಲಾಸ್ಟಿಕ್ ಇದ್ದರೂ ಒಳಗಿನ ಉಕ್ಕು 2.45 ಮಿ.ಮೀ.ಗೆ ಇಳಿಯಿತು. ಕಡಿಮೆಯಾದದ್ದು ಒಂದು ಮಿಲಿಮೀಟರೂ ಅಲ್ಲವಲ್ಲ ಅನ್ನಿಸಬಹುದು. ಆದರೆ ತಂತಿಯ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣದ ಮೇಲೆ ನಿಂತಿರುತ್ತದೆ. ಲೆಕ್ಕ ಹಾಕಿದರೆ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಉಕ್ಕು ಉಳಿದಿರುತ್ತದೆ. ದೊಡ್ಡ ನಾಯಿ ದಿನವೂ ಮುಂಗಾಲಿಟ್ಟು ನಿಲ್ಲುವ ಬೇಲಿಗೆ ಅದು ಸಾಲದು. ಗೇಜಿನ ಪಟ್ಟಿಗಳೂ ಎಲ್ಲ ಕಡೆ ಒಂದೇ ಅಲ್ಲ, ಹಾಗಾಗಿ ಒಳತಂತಿಯ ದಪ್ಪವನ್ನು ಮಿಲಿಮೀಟರಿನಲ್ಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಗೇಣುದ್ದದ ಒಂದು ತುಂಡು ಕೇಳಿ ಮನೆಗೆ ತನ್ನಿ. ತುದಿಯಲ್ಲಿ ಚಾಕುವಿನಿಂದ ಸೀಳಿ ಲೇಪನವನ್ನು ಎಳೆದು ನೋಡಿ. ಕರೆಂಟ್ ವೈರಿನ ಸಿಪ್ಪೆಯಂತೆ ಕೊಳವೆಯಾಗಿ ಜಾರಿ ಬಂದರೆ, ಅದು ತಂತಿಗೆ ಅಂಟಿಲ್ಲ, ಬರೀ ತೊಡಿಸಿದ್ದು ಎಂದರ್ಥ. ಕೆರೆದು ಕೆರೆದು ಚೂರುಚೂರಾಗಿ ಬಿಡಿಸಬೇಕಾಗಿ ಬಂದರೆ ಅದು ಬೆಸೆದ ಲೇಪನ. ಬೆಸೆದ ಲೇಪನ ತೆಳ್ಳಗಿರುತ್ತದೆ, ಎಷ್ಟೋ ಸಲ 0.25 ಮಿ.ಮೀ.ಗಿಂತಲೂ ಕಡಿಮೆ. ತೆಳ್ಳಗಿದೆ ಎಂದು ಬಿಡಬೇಡಿ, ನನ್ನ ಆಯ್ಕೆ ಅದೇ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಮನೆಯ ಹಿಂದೆ ಮೊದಲು ಹಾಕಿಸಿದ್ದು ಹೊಳೆಯುವ ಹಸಿರಿನ ದಪ್ಪ ಲೇಪನದ್ದು. ನಾಲ್ಕನೇ ವರ್ಷ ಒಂದು ಬೆಳಿಗ್ಗೆ ಗೇಟಿನ ಪಕ್ಕದ ಜಾಲರಿಯನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿದೆ. ಮೇಲೆ ಒಂದು ಗೀರೂ ಇಲ್ಲ, ಒಳಗೆ ಮಾತ್ರ ಮೆತ್ತಗೆ. ಲೇಪನ ಸೀಳಿದರೆ ಕೆಂಪು ಪುಡಿ ಉದುರಿತು. ಕತ್ತರಿಸಿದ ತುದಿಯಿಂದ ನೀರು ಒಳಹೊಕ್ಕು, ಪ್ಲಾಸ್ಟಿಕ್ಕಿಗೂ ತಂತಿಗೂ ನಡುವಿನ ಸಂದಿಯಲ್ಲೇ ಒಂದು ಮೊಳದಷ್ಟು ದೂರ ಹರಿದಿತ್ತು. ಬರಿಯ ಸತುಲೇಪದ ತಂತಿಯಾಗಿದ್ದರೆ ತುಕ್ಕು ಹೊರಗೇ ಕಾಣಿಸಿ ಎಚ್ಚರಿಸುತ್ತಿತ್ತು. ಇಲ್ಲಿ ಅದೂ ಇಲ್ಲ.

ಅದಕ್ಕೇ ಪ್ಲಾಸ್ಟಿಕ್ಕಿನ ಕೆಳಗೆ ಸತುಲೇಪ ಇದ್ದೇ ಇರಬೇಕು. ಚಾಕುವಿನಿಂದ ಸೀಳಿದಾಗ ಒಳಗೆ ಬೂದು ಬೆಳ್ಳಿಯ ಬಣ್ಣ ಕಾಣಬೇಕು, ಕಪ್ಪು ಕಬ್ಬಿಣ ಕಂಡರೆ ಆ ಅಂಗಡಿಯನ್ನು ಬಿಟ್ಟುಬಿಡಿ. ಗೀರಿದ ಜಾಗದಲ್ಲಿ ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ, ಪ್ಲಾಸ್ಟಿಕ್ಕಿಗೆ ಆ ಗುಣವಿಲ್ಲ. ಕೆಲಸದವರು ಜಾಲರಿ ಕತ್ತರಿಸಿದ ಪ್ರತಿ ತುದಿಗೂ ಅಂದೇ ಸತು ಬೆರೆತ ಪೇಂಟ್ ಬಳಿಸಿ.

ಮಕ್ಕಳಿರುವುದರಿಂದ ಜಾಲರಿಯ ಮೇಲಂಚು, ಕೆಳಂಚು ಎರಡೂ ಮಡಚಿದ್ದಾಗಿರಲಿ. ತಿರುಚಿ ಮುಳ್ಳಿನಂತೆ ಬಿಟ್ಟ ಅಂಚು ಮನೆಯಂಗಳಕ್ಕೆ ಬೇಡ. ಜಾಲರಿಯ ಕಣ್ಣಿನ, ಅಂದರೆ ತೂತಿನ, ಅಳತೆ 50 ಮಿ.ಮೀ. ಸಾಮಾನ್ಯ. ಮಕ್ಕಳ ಕಾಲ್ಬೆರಳು ಸಿಕ್ಕಿಸಿ ಹತ್ತಲು ಅಷ್ಟು ಸಾಕು, ಕೈಗೆಟುಕಿದರೆ ಸಣ್ಣ ಕಣ್ಣಿನದು ಒಳ್ಳೆಯದು. ಎತ್ತರ 1.5 ಮೀಟರಿಗೆ ಕಡಿಮೆ ಬೇಡ. ನಾಯಿ ನೆಲ ಕೆದರುವುದಾದರೆ ಬೇಲಿಯ ಬುಡಕ್ಕೆ ಬಿಗಿಯಾದ ಅಡ್ಡತಂತಿ ಎಳೆಸಿ, ಉದ್ದಕ್ಕೂ ಕಲ್ಲು ಹೂಳಿಸಿ.

ಕಂಬಗಳನ್ನು ಮರೆಯಬೇಡಿ. ಎರಡು ಕಂಬಗಳ ನಡುವೆ 3 ಮೀಟರಿಗಿಂತ ಹೆಚ್ಚು ಅಂತರ ಬೇಡ. ಮೂಲೆಯ ಕಂಬ, ಗೇಟಿನ ಕಂಬ ಉಳಿದವಕ್ಕಿಂತ ದಪ್ಪವಿರಲಿ, ಅವಕ್ಕೆ ಓರೆ ಆಸರೆ ಕೊಡಿಸಿ. ಜಾಲರಿಯ ಎಳೆತವೆಲ್ಲ ಬೀಳುವುದು ಅವುಗಳ ಮೇಲೇ. ಕಟ್ಟುವ ತಂತಿಯೂ ಲೇಪನದ್ದೇ ಆಗಿರಲಿ.

ಪ್ರಶ್ನೆ: ಲೇಪನದ ಬೇಲಿಗೆ ಬಳ್ಳಿ ಹಬ್ಬಿಸಬಹುದೇ? ಬಣ್ಣ ಯಾವುದು ಒಳ್ಳೆಯದು?

ಉತ್ತರ: ತೆಳು ಬಳ್ಳಿ, ವರ್ಷಕ್ಕೊಮ್ಮೆ ಒಣಗಿ ಹೋಗುವಂಥದ್ದು ಆಗಬಹುದು. ಕಾಂಡ ಕಟ್ಟಿಗೆಯಾಗುವ ಬಳ್ಳಿ ಬೇಡ: ಅದು ಕಣ್ಣುಗಳೊಳಗೆ ದಪ್ಪಗಾಗಿ ಜಾಲರಿಯನ್ನು ಹಿಗ್ಗಿಸುತ್ತದೆ. ಎಲೆ ತುಂಬಿದ ಬೇಲಿಗೆ ಗಾಳಿ ಹಾಯಿಗೆ ಬಡಿದಂತೆ ಬಡಿಯುತ್ತದೆ, ಕಂಬ ವಾಲುತ್ತದೆ. ಹಬ್ಬಿಸುವುದೇ ಆದರೆ ಕಂಬಗಳ ಅಂತರ ಕಡಿಮೆ ಮಾಡಿ, ಗುಂಡಿ ಆಳ ಮಾಡಿಸಿ. ಬಣ್ಣ ನಿಮ್ಮಿಷ್ಟ. ಕಪ್ಪು ಬೇಲಿಯ ಹಿಂದಿನ ಗಿಡಮರಗಳು ಹಸಿರು ಬೇಲಿಯ ಹಿಂದಿನವಕ್ಕಿಂತ ಚೆನ್ನಾಗಿ ಕಾಣುತ್ತವೆ, ಜಾಲರಿ ಕಣ್ಣಿಗೆ ಬೀಳುವುದೇ ಕಡಿಮೆ. ನಾನು ಎರಡನೇ ಸಲ ಕಪ್ಪನ್ನೇ ಹಾಕಿಸಿದೆ.