ಹಕ್ಕಿಯ ಹುಬ್ಬಿಗೂ ಮನುಷ್ಯನ ಸೊಕ್ಕಿಗೂ ಏನು ನಂಟು?

ಪ್ರಶ್ನೆ: ನಾನು ತೀರ್ಥಹಳ್ಳಿಯ ನಿವೃತ್ತ ಶಿಕ್ಷಕ. ಮೊಮ್ಮಗನಿಗೆ ಹಕ್ಕಿ ನೋಡುವ ಹುಚ್ಚು. ಮೊನ್ನೆ ತುಂಗೆಯ ಬಂಡೆಗಳ ಮೇಲೆ ಬಾಲ ಕುಣಿಸುತ್ತಿದ್ದ ಸಿಪಿಲೆ ಹಕ್ಕಿಯನ್ನು ತೋರಿಸಿ, ‘ಅಜ್ಜ, ಅದರ ಸೂಪರ್‌ಸಿಲಿಯಮ್ ಎಷ್ಟು ಬೆಳ್ಳಗಿದೆ ನೋಡಿ’ ಎಂದ. ಅದೇ ವಾರ ಇಂಗ್ಲಿಷ್ ಪತ್ರಿಕೆಯೊಂದು ಅಧಿಕಾರಿಯೊಬ್ಬರ ನಗೆಯನ್ನು ‘ಸೂಪರ್‌ಸಿಲಿಯಸ್’ ಎಂದು ಬಣ್ಣಿಸಿತ್ತು. ನಿಘಂಟಿನಲ್ಲಿ ನೋಡಿದರೆ ‘ಗರ್ವದ, ಸೊಕ್ಕಿನ’ ಎಂದಿದೆ. ಇದು ‘ಸೂಪರ್’ ಮತ್ತು ‘ಸಿಲ್ಲಿ’ ಸೇರಿ ಆದ ಪದವೇ? ಪಾಪದ ಹಕ್ಕಿಗೆ ಈ ಸೊಕ್ಕು ಎಲ್ಲಿಂದ ಬಂತು?

ಉತ್ತರ: ‘ಸಿಲ್ಲಿ’ಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಮೊಮ್ಮಗನ ಪದವೂ ಪತ್ರಿಕೆಯ ಪದವೂ ಒಂದೇ ಬಳ್ಳಿಯ ಕಾಯಿಗಳು. ಲ್ಯಾಟಿನ್ನಿನಲ್ಲಿ ‘ಸೂಪರ್’ ಎಂದರೆ ಮೇಲೆ, ‘ಸಿಲಿಯಮ್’ ಎಂದರೆ ಕಣ್ಣಿನ ರೆಪ್ಪೆ. ರೆಪ್ಪೆಯ ಮೇಲಿರುವುದು ಹುಬ್ಬು. ಹಕ್ಕಿಗಳ ಕಣ್ಣಿನ ಮೇಲೆ ಹಾದುಹೋಗುವ ಬಣ್ಣದ ಪಟ್ಟಿಗೂ ಪಕ್ಷಿತಜ್ಞರು ಇದೇ ಹೆಸರನ್ನಿಟ್ಟರು. ಪ್ಯಾರಮೀಸಿಯಮ್ ಎಂಬ ಏಕಕೋಶ ಜೀವಿಯ ಮೈಮೇಲಿನ ‘ಸಿಲಿಯಾ’ವನ್ನು ನೀವು ಶಾಲೆಯಲ್ಲಿ ಕಂಡಿರುತ್ತೀರಿ, ಅದೂ ಇದೇ ರೆಪ್ಪೆಯ ಮನೆತನದ್ದು.

ಹುಬ್ಬು ಸೊಕ್ಕಾದದ್ದು ರೋಮಿನಲ್ಲೇ. ಮಾತಾಡದೆ, ಹುಬ್ಬನ್ನಷ್ಟೇ ಮೇಲೆತ್ತಿ ಎದುರಿನವನನ್ನು ಹುಳುವಿನಂತೆ ನೋಡುವ ದೊಡ್ಡವರು ಅಲ್ಲಿಯೂ ಇದ್ದರು. ಹಾಗಾಗಿ ಲ್ಯಾಟಿನ್ ಭಾಷಿಕರಿಗೆ ಹುಬ್ಬು ಎಂದರೆ ಗರ್ವ ಎಂಬ ಅರ್ಥವೂ ಗಾಂಭೀರ್ಯ ಎಂಬ ಅರ್ಥವೂ ಬಂದವು. ಕ್ರಿ.ಪೂ. 55ರಲ್ಲಿ ವಾಗ್ಮಿ ಸಿಸಿರೋ ಸೆನೆಟ್ ಸಭೆಯಲ್ಲಿ ಪೀಸೋ ಎಂಬವನನ್ನು ಝಾಡಿಸಿದ. ಈ ಪೀಸೋ ಸಾಮಾನ್ಯನಲ್ಲ, ಜೂಲಿಯಸ್ ಸೀಸರನ ಮಾವ. ಸಿಸಿರೋ ಅವನ ಹುಬ್ಬನ್ನೂ ಬಿಡಲಿಲ್ಲ: ಉತ್ತರ ಕೊಡುವಾಗ ಒಂದು ಹುಬ್ಬು ಹಣೆಗೆ ಏರಿತ್ತಂತೆ, ಇನ್ನೊಂದು ಗದ್ದಕ್ಕೆ ಇಳಿದಿತ್ತಂತೆ! ನಮ್ಮ ಯಕ್ಷಗಾನದ ಬಣ್ಣದ ವೇಷದವರಿಗೂ ಸಾಧ್ಯವಾಗದ ಕೆಲಸ ಅದು.

ಇಂಗ್ಲಿಷಿಗೆ ‘ಸೂಪರ್‌ಸಿಲಿಯಸ್’ ಎಂಬ ಗುಣವಾಚಕ ಬಂದದ್ದು 16ನೇ ಶತಮಾನದಲ್ಲಿ. ‘ಅರೊಗೆಂಟ್’ ಎಂಬುದಕ್ಕಿಂತ ಇದರ ಬಣ್ಣ ಬೇರೆ. ಅದರ ಬೇರಿನಲ್ಲಿ ‘ಕೇಳು’ ಎಂಬ ಕ್ರಿಯೆ ಇದೆ. ತನಗೆ ಸಲ್ಲದ್ದನ್ನೂ ತನ್ನದೆಂದು ಹಕ್ಕಿನಿಂದ ಕೇಳುವವನ ದುರಹಂಕಾರ ಅದು, ಸದ್ದು ಮಾಡುತ್ತದೆ. ಸೂಪರ್‌ಸಿಲಿಯಸ್ ಮನುಷ್ಯ ಏನನ್ನೂ ಕೇಳುವುದಿಲ್ಲ. ನೀವು ಅರ್ಜಿ ಹಿಡಿದು ನಿಂತಾಗ ಕಾಗದವನ್ನೂ ನಿಮ್ಮ ಚಪ್ಪಲಿಯನ್ನೂ ಒಂದೇ ನೋಟದಲ್ಲಿ ಅಳೆದು ನಕ್ಕುಬಿಡುತ್ತಾನೆ. ಆದ್ದರಿಂದಲೇ ಇಂಗ್ಲಿಷ್ ಬರಹಗಾರರು ಇದನ್ನು ನೋಟಕ್ಕೆ, ನಗೆಗೆ, ದನಿಗೆ ಹೆಚ್ಚಾಗಿ ಅಂಟಿಸುತ್ತಾರೆ. ನಿಮ್ಮ ಪತ್ರಿಕೆಯವರು ಪದವನ್ನು ತೂಗಿಯೇ ಬಳಸಿದ್ದಾರೆ.

ಕನ್ನಡಕ್ಕೆ ತರುವಾಗ ಮಾತ್ರ ಎಚ್ಚರ ಬೇಕು. ನಮ್ಮಲ್ಲಿ ಹುಬ್ಬೇರಿಸಿದರೆ ಬೆರಗು, ಹುಬ್ಬು ಗಂಟಿಕ್ಕಿದರೆ ಸಿಟ್ಟು. ತಾತ್ಸಾರಕ್ಕೆ ನಾವು ಮುರಿಯುವುದು ಮೂಗನ್ನು. ಗರ್ವಕ್ಕೆ ‘ಕೊಬ್ಬು’ ಎಂದಾಗ ಮೈಯ ನೆಣ ನೆನಪಾಗುತ್ತದೆ, ‘ಸೊಕ್ಕು’ ಎಂದಾಗ ಅಮಲು. ಸಕ್ರೆಬೈಲಿನ ಬಿಡಾರದಲ್ಲಿ ಮದವೇರಿದ ಆನೆಯನ್ನು ದೂರ ಕಟ್ಟಿದ್ದನ್ನು ಕಂಡವರಿಗೆ ಆ ಪದದ ಬಲ ಗೊತ್ತು. ಆದರೆ ಪೀಸೋನ ಹುಬ್ಬಿಗೆ ಸಾಟಿಯಾಗಿ ನಿಲ್ಲುವುದು ನಮ್ಮ ‘ಕಣ್ಣು ನೆತ್ತಿಗೇರಿದೆ’ ಎಂಬ ಮಾತು. ಅವರ ಹುಬ್ಬು ಹಣೆಯವರೆಗೆ ಹೋದರೆ ನಮ್ಮವರ ಕಣ್ಣೇ ನೆತ್ತಿಗೆ ಹೋಗಿ ಕೂತಿತು. ಲ್ಯಾಟಿನ್ ಕವಿಗಳು ದಿಬ್ಬದ ಅಂಚನ್ನೂ ಹುಬ್ಬು ಎನ್ನುತ್ತಿದ್ದರು. ಆಗುಂಬೆಯ ಕಡೆ ಗುಡ್ಡಕ್ಕಿರುವುದು ನೆತ್ತಿ. ಹುಬ್ಬಿಗಿಂತ ಒಂದು ಗೇಣು ಮೇಲೆಯೇ ನಿಂತು ಮಾತಾಡುತ್ತೇವೆ ಅನ್ನಿ.

ಆ ಅಧಿಕಾರಿಯದು ‘ತಾತ್ಸಾರದ ನಗೆ’ ಎಂದರೆ ಅರ್ಥ ಸರಿಹೋಗುತ್ತದೆ. ಕೊಂಚ ಖಾರ ಬೇಕಿದ್ದರೆ ‘ಕಣ್ಣು ನೆತ್ತಿಗೇರಿದವರ ನಗೆ’ ಎನ್ನಿ. ಇಂಗ್ಲಿಷಿನಲ್ಲೇ ಬರೆಯುವುದಾದರೆ ‘ಸೂಪರ್’ ಆದ ಮೇಲೆ ‘ಎಸ್’ ಅಕ್ಷರ ಬರುವುದಿಲ್ಲ, ‘ಸಿ’ ಅಕ್ಷರ ಬರುತ್ತದೆ. ಒತ್ತು ಕೊಡಬೇಕಾದದ್ದು ‘ಸಿಲ್’ ಮೇಲೆ. ನಿಮಗೆ ‘ಸಿಲ್ಲಿ’ ಕೇಳಿಸಿದ್ದು ಅದರಿಂದಲೇ ಇರಬೇಕು.