ಓದುಗರ ಪ್ರಶ್ನೆ: ಆಟದ ಲೋಕದ ಹೊಳೆ, ಗುಡ್ಡೆ, ಗುಡಿ

ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಲೋಕವನ್ನು ಕಟ್ಟಿಕೊಡುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಏನಾಗುತ್ತದೆಂಬ ಸಂಶಯ ಬಂದಲ್ಲಿ ದಾಳ ಎಸೆಯುತ್ತಾರೆ. ತಾಳಮದ್ದಳೆ ಕೇಳಿ ಬೆಳೆದ ಕುಂಬಳೆ ಸೀಮೆಗೆ ರೋಲ್‌ಪ್ಲೇಯಿಂಗ್ ಆಟ ಅಷ್ಟೇನೂ ಅಪರಿಚಿತವಲ್ಲ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆಟದ ನೆಲದ ಬಗ್ಗೆ, ಆ ನೆಲದ ಪುಣ್ಯಸ್ಥಳಗಳ ಬಗ್ಗೆ ಕೇಳಿವೆ.

ಪ್ರಶ್ನೆ: ಮೊದಲ ಸಲ ಡಿ.ಎಂ. (ಡಂಜನ್ ಮಾಸ್ಟರ್, ಅಂದರೆ ಲೋಕವನ್ನು ಕಟ್ಟಿಕೊಡುವವರು) ಆಗಿ ಆಟ ನಡೆಸಲು ಹೊರಟಿದ್ದೇನೆ. ಒಂದು ಇಡೀ ಖಂಡದ ನಕ್ಷೆ ಬಿಡಿಸಿದ್ದೇನೆ. ನಡುವಿನ ಬೆಟ್ಟದಿಂದ ಇಳಿದ ಹೊಳೆ ಬಯಲಿನಲ್ಲಿ ಎರಡಾಗಿ ಒಡೆದು, ಒಂದು ಕವಲು ಪೂರ್ವ ಸಮುದ್ರಕ್ಕೆ, ಇನ್ನೊಂದು ಪಶ್ಚಿಮ ಸಮುದ್ರಕ್ಕೆ ಸೇರುತ್ತದೆ. ಹಾಗೆ ಆಗುವುದೇ ಇಲ್ಲ ಎನ್ನುತ್ತಾರೆ ಗೆಳೆಯರು. ತಪ್ಪೆಲ್ಲಿದೆ? (ಓದುಗರು, ಬದಿಯಡ್ಕ)

ಉತ್ತರ: ಗೆಳೆಯರು ಹೇಳಿದ್ದು ಸರಿ. ಕವಲೊಡೆದ ಎರಡು ದಾರಿಗಳಲ್ಲಿ ಒಂದು ಗೇಣಿನಷ್ಟು ತಗ್ಗಿದ್ದರೂ ನೀರು ಅತ್ತಲೇ ಹೆಚ್ಚು ಹರಿಯುತ್ತದೆ. ಹರಿದಷ್ಟೂ ಆ ದಾರಿ ಕೊರೆದು ಆಳವಾಗುತ್ತದೆ, ಇನ್ನೊಂದು ಹೂಳು ತುಂಬಿ ಒಣಗುತ್ತದೆ. ಆದ್ದರಿಂದ ತೋಡುಗಳು ಕೂಡಿ ಹೊಳೆಯಾಗುತ್ತವೆ, ಹೊಳೆಗಳು ಕೂಡಿ ನದಿಯಾಗುತ್ತವೆ; ಸಮುದ್ರದ ಹತ್ತಿರ ನೆಲ ಸಪಾಟಾಗಿ ಹೂಳು ಕೂರುವ ಕಡೆ ಬಿಟ್ಟರೆ ಬೇರೆಲ್ಲೂ ನದಿ ಒಡೆಯುವುದು ತೀರಾ ಅಪರೂಪ. ದಕ್ಷಿಣ ಅಮೆರಿಕದಲ್ಲಿ ಒರಿನೊಕೊ ನದಿಯ ನೀರಿನ ಒಂದು ಭಾಗವನ್ನು ಅಮೆಜಾನ್ ಕಡೆಗೆ ಒಯ್ಯುವ ಕಸಿಕ್ವಿಯಾರೆ ಇದೆ. ಅದು ಅಪವಾದವಾದ್ದರಿಂದಲೇ ಲೋಕಪ್ರಸಿದ್ಧ. ಕೆರೆ, ಸರೋವರಗಳಿಗೂ ಇದೇ ನಿಯಮ: ಒಳಬರುವ ದಾರಿ ಎಷ್ಟೂ ಇರಬಹುದು, ಹೊರಹೋಗುವುದು ಒಂದೇ.

ನಿಮ್ಮ ಎರಡನೆಯ ತಪ್ಪು ಖಂಡವನ್ನು ಬಿಡಿಸಿದ್ದು. ಒಂದು ಎ4 ಹಾಳೆಯಲ್ಲಿ ಒಂದೂವರೆ ಸೆಂಟಿಮೀಟರ್ ಅಗಲದ ಷಟ್ಕೋನದ ಮನೆಗಳನ್ನು ಎಳೆದರೆ ಅಡ್ಡಕ್ಕೆ 12, ಉದ್ದಕ್ಕೆ 20 ಸಾಲು, ಒಟ್ಟು 240 ಮನೆ ಸಿಗುತ್ತವೆ. ಒಂದು ಮನೆಗೆ 10 ಕಿ.ಮೀ. ಎಂದು ಹಿಡಿದರೆ 120 ಕಿ.ಮೀ. ಅಗಲ, 170 ಕಿ.ಮೀ. ಉದ್ದದ ನಾಡು (ಷಟ್ಕೋನದ ಸಾಲುಗಳು ಒಂದರೊಳಗೊಂದು ಕೂರುವುದರಿಂದ ಉದ್ದ 200 ಆಗುವುದಿಲ್ಲ). ಸುಮಾರು 1,990 ಚದರ ಕಿ.ಮೀ. ಇರುವ ನಮ್ಮ ಕಾಸರಗೋಡು ಜಿಲ್ಲೆ ಈ ಅಳತೆಯಲ್ಲಿ 23 ಮನೆಗಳಿಗೆ ಮುಗಿಯುತ್ತದೆ. ಆ 23 ಮನೆಗಳೊಳಗೆ ಹನ್ನೆರಡು ಹೊಳೆಗಳಿವೆ, ಬೇಕಲ ಮತ್ತು ಚಂದ್ರಗಿರಿ ಕೋಟೆಗಳಿವೆ, ಏಳೆಂಟು ಭಾಷೆಗಳಿವೆ! ಎರಡು ವರ್ಷದ ಆಟಕ್ಕೆ ಒಂದು ಹಾಳೆ ಧಾರಾಳ ಸಾಕು.

ಬಿಡಿಸುವಾಗ ಕ್ರಮ ತಪ್ಪಬೇಡಿ. ಮೊದಲು ಕರಾವಳಿಯ ಗೆರೆ. ಆಮೇಲೆ ಅದರಿಂದ ಐದಾರು ಮನೆ ಒಳಗೆ ಘಟ್ಟದ ಸಾಲು. ಮೂರನೆಯದು ಗಾಳಿ: ಮಳೆ ತರುವ ಗಾಳಿ ಎತ್ತಲಿಂದ ಬೀಸುತ್ತದೆಂದು ಬಾಣ ಹಾಕಿಕೊಳ್ಳಿ. ಗಾಳಿಗೆ ಮುಖವೊಡ್ಡಿದ ಇಳಿಜಾರು ನೆನೆಯುತ್ತದೆ, ಬೆನ್ನಿನ ಕಡೆ ಒಣಗುತ್ತದೆ. ನಮ್ಮ ಕರಾವಳಿಗೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ಘಟ್ಟದ ಅಂಚಿನ ಆಗುಂಬೆಗೆ 7,000 ದಾಟುತ್ತದೆ. ಘಟ್ಟದಾಚೆ ಮೈಸೂರಿನ ಬಯಲಿಗೆ ಸುಮಾರು 800 ಮಾತ್ರ. ಇಷ್ಟು ಗೊತ್ತಾದರೆ ಎಲ್ಲಿ ದಟ್ಟ ಕಾಡು, ಎಲ್ಲಿ ಅಡಿಕೆ ತೋಟ, ಎಲ್ಲಿ ರಾಗಿ ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ನಾಲ್ಕನೆಯದಾಗಿ ಹೊಳೆಗಳನ್ನು ಎಳೆಯಿರಿ, ಅದೂ ಸಮುದ್ರದಿಂದ ಮೇಲಕ್ಕೆ. ಆಗ ಕವಲೊಡೆಸುವ ತಪ್ಪು ಕೈಗೆ ಬರುವುದೇ ಇಲ್ಲ. ಕೊನೆಗೆ ಊರುಗಳು: ಅಳಿವೆಯಲ್ಲಿ ಒಂದು, ಹೊಳೆಗಳು ಕೂಡುವಲ್ಲಿ ಒಂದು, ಘಟ್ಟ ಹತ್ತುವ ದಾರಿಯ ಬುಡದಲ್ಲಿ ಒಂದು.

ಇಷ್ಟೆಲ್ಲ ನಿಯಮ ಪಾಲಿಸಿದ ಮೇಲೆ ನಿಮ್ಮ ಎರಡಾಗುವ ಹೊಳೆಯನ್ನು ಅಳಿಸದೆ ಹಾಗೇ ಉಳಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ಉಳಿದೆಲ್ಲ ಹೊಳೆಗಳು ಕೂಡುತ್ತಲೇ ಹೋಗುವ ನಾಡಿನಲ್ಲಿ ಒಂದೇ ಒಂದು ಹೊಳೆ ಒಡೆದರೆ, ಒಡೆದ ಜಾಗಕ್ಕೆ ಜನ ಕೈಮುಗಿಯುತ್ತಾರೆ. ನಿಮ್ಮ ಲೋಕದ ಮೊದಲ ತೀರ್ಥಸ್ಥಳ ಅದೇ.

ಪ್ರಶ್ನೆ: ಒಂದು ಊರಿಂದ ಇನ್ನೊಂದಕ್ಕೆ ಎಷ್ಟು ದಿನದ ದಾರಿ ಎಂದು ಲೆಕ್ಕ ಹಾಕುವುದು ಹೇಗೆ? (ಓದುಗರು, ಕುಂಬಳೆ)

ಉತ್ತರ: ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ರೋಲ್‌ಪ್ಲೇಯಿಂಗ್ ಆಟದ ಐದನೇ ಆವೃತ್ತಿಯಲ್ಲಿ ದಿನಕ್ಕೆ 8 ಗಂಟೆ ನಡೆದರೆ 24 ಮೈಲಿ, ಅಂದರೆ 38 ಕಿ.ಮೀ. ಚಿಲ್ಲರೆ. ಕಷ್ಟದ ನೆಲದಲ್ಲಿ ಅದರ ಅರ್ಧ. ಹತ್ತು ಕಿ.ಮೀ. ಮನೆಗಳ ನಕ್ಷೆಗೆ ಹೀಗೆ ಸರಳ ಮಾಡಿಕೊಳ್ಳಿ: ಮಾರ್ಗದಲ್ಲಿ ದಿನಕ್ಕೆ 4 ಮನೆ, ಗುಡ್ಡೆ ಮತ್ತು ಕಾಡಿನಲ್ಲಿ 2, ಮಳೆಗಾಲದ ಘಟ್ಟದಲ್ಲಿ 1. ಹೆಚ್ಚಿನವರು ಮರೆಯುವುದು ಹೊಳೆ ದಾಟುವ ಹೊತ್ತನ್ನು. ಕಡವಿನಲ್ಲಿ ದೋಣಿ ಒಂದೇ ಇದ್ದು, ಆಚೆ ದಡದಲ್ಲಿದ್ದರೆ ಅರ್ಧ ದಿನ ಹೋಯಿತು. ಬೊಳ್ಳ (ನೆರೆ) ಬಂದರೆ ಎರಡು ದಿನವೂ ಹೋದೀತು. ಕರಾವಳಿಯುದ್ದಕ್ಕೆ 60 ಕಿ.ಮೀ. ಹೋಗುವವನು ಐದಾರು ಹೊಳೆ ದಾಟಬೇಕು. ಆ ಪ್ರತಿಯೊಂದು ಕಡವೂ ನಿಮಗೆ ಒಂದೊಂದು ಪ್ರಸಂಗ.

ಇನ್ನೊಂದು ಉಪಯೋಗದ ಲೆಕ್ಕ: ಎತ್ತರದ ಮೀಟರಿನ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿ.ಮೀ. ದೂರವೆಂದು ಸಿಗುತ್ತದೆ. ಬಯಲಲ್ಲಿ ನಿಂತವನಿಗೆ ಸುಮಾರು ನಾಲ್ಕೂವರೆ ಕಿ.ಮೀ.; 100 ಮೀಟರ್ ಗುಡ್ಡೆಯ ತುದಿಯಿಂದ 35; 300 ಮೀಟರಿನಿಂದ 60ಕ್ಕೂ ಮೇಲೆ. ಯಾವ ಗುಡಿಯ ದೀಪ ಯಾವ ಊರಿಗೆ ಕಾಣುತ್ತದೆಂದು ಇದರಿಂದ ಹೇಳಬಹುದು.

ಪ್ರಶ್ನೆ: ನಕ್ಷೆಯಲ್ಲಿ 23 ದೇವಸ್ಥಾನ ಇಟ್ಟಿದ್ದೇನೆ. ಆಡುವವರು ಒಂದರ ಹೆಸರನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಗಾಯ ವಾಸಿ ಮಾಡಿಸಿಕೊಂಡು ಹೊರಟುಬಿಡುತ್ತಾರೆ. (ಓದುಗರು, ಪೆರ್ಲ)

ಉತ್ತರ: 23 ಹೆಚ್ಚಾಯಿತು. ನಾಲ್ಕಕ್ಕೆ ಇಳಿಸಿ, ಆ ನಾಲ್ಕನ್ನು ಒಂದಕ್ಕೊಂದು ಕಟ್ಟಿ. 'ಅಡೂರು, ಮಧೂರು, ಕಾವು, ಕಣ್ಯಾರ' ಎಂದು ಕುಂಬಳೆ ಸೀಮೆಯ ನಾಲ್ಕು ದೇವಸ್ಥಾನಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ನಿಮಗೆ ಗೊತ್ತೇ ಇದೆ. ಅಡೂರು ಪಯಸ್ವಿನಿಯ ದಂಡೆಯಲ್ಲಿ, ಮಧೂರು ಮಧುವಾಹಿನಿಯ ದಂಡೆಯಲ್ಲಿ, ಕಾವು ಎಂದರೆ ತೀರ್ಥಸ್ನಾನಕ್ಕೆ ಹೆಸರಾದ ಮುಜುಂಗಾವು, ಕಣ್ಯಾರ ಎಂದರೆ ಕಡಲಿಗೆ ಹತ್ತಿರದ ಕುಂಬಳೆಯ ಕಣಿಪುರ. ನಾಲ್ಕನ್ನೂ ಗೆರೆಯಿಂದ ಜೋಡಿಸಿದರೆ ಒಂದು ಸೀಮೆಯ ಆಕಾರವೇ ಮೂಡುತ್ತದೆ. ಆಟದ ಲೋಕದಲ್ಲೂ ಗುಡಿಗಳ ಸಾಲು ಅರಸನ ಗಡಿಗಿಂತ ಹಳೆಯದಾಗಿರಲಿ. ಅರಸರು ಬದಲಾದರೂ ಜನ ಅದೇ ನಾಲ್ಕು ಕಡೆಗೆ ಹರಕೆ ಒಪ್ಪಿಸುತ್ತಾರೆಂದರೆ ಆಡುವವರಿಗೆ ನಾಡಿನ ಎಲುಬು ಸಿಕ್ಕಿತು.

ಪ್ರತಿ ಸ್ಥಳಕ್ಕೂ ಒಂದು ಚೀಟಿಯಲ್ಲಿ ಐದು ಸಾಲು ಬರೆಯಿರಿ, ಹೆಚ್ಚು ಬೇಡ. ಇಲ್ಲೇ ಯಾಕೆ? ಯಾರು ನೋಡಿಕೊಳ್ಳುತ್ತಾರೆ? ಏನು ಮಾಡಬಾರದು? ಯಾವಾಗ ಬಾಗಿಲು ತೆರೆಯುತ್ತದೆ? ಏನು ಕೊಟ್ಟರೆ ಏನು ಸಿಗುತ್ತದೆ? ಮೊದಲನೆಯದಕ್ಕೆ ಉತ್ತರ ಯಾವಾಗಲೂ ನೆಲದಲ್ಲಿರಬೇಕು: ಬತ್ತದ ಒರತೆ, ಒಂಟಿ ಬಂಡೆ, ಹೊಳೆಗಳ ಕೂಡು, ಗಡಿಯ ಮರ. ಕುಂಬಳೆ ಹತ್ತಿರದ ಅನಂತಪುರವನ್ನೇ ನೋಡಿ. ಮುರಕಲ್ಲಿನ ನೆಲದ ತಗ್ಗಿನಲ್ಲಿ ಒಂದು ಕೆರೆ, ಕೆರೆಯ ನಡುವೆ ಗುಡಿ, ಗುಡಿಗೊಂದು ಮೊಸಳೆ. 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಬಬಿಯಾ ನೈವೇದ್ಯದ ಅನ್ನ ತಿನ್ನುತ್ತಿತ್ತು. ಮೊಸಳೆಯೆಂದರೆ ಹೆದರಬೇಕು ಎಂಬುದು ಲೋಕದ ನಿಯಮ. ಇಲ್ಲಿ ಆ ನಿಯಮ ನಡೆಯುವುದಿಲ್ಲ. ಒಮ್ಮೆ ಕೇಳಿದವರು ಆ ಸ್ಥಳವನ್ನು ಮರೆಯುವುದುಂಟೇ? ನಿಮ್ಮ ನಾಲ್ಕರಲ್ಲಿ ಪ್ರತಿಯೊಂದಕ್ಕೂ ಇಂಥ ಒಂದೇ ಒಂದು ಮುರಿದ ನಿಯಮ ಕೊಡಿ. ಎರಡು ಕೊಟ್ಟರೆ ಜಾತ್ರೆಯ ಮಾಯಾಬಜಾರ್ ಆಗುತ್ತದೆ.

ಮಾದರಿಗೆ ಒಂದು ಚೀಟಿ: 'ಇಮ್ಮಡಿಕಟ್ಟೆ. ಹೊಳೆ ಎರಡಾಗುವ ಜಾಗದ ಬಂಡೆ. ಎರಡೂ ದಡದ ದೋಣಿಯವರು ವರ್ಷಕ್ಕೊಬ್ಬರಂತೆ ದೀಪ ಹಚ್ಚುತ್ತಾರೆ. ಬಂಡೆಯ ಮೇಲೆ ಸುಳ್ಳು ಹೇಳಬಾರದು. ಹೇಳಿದವರ ದೋಣಿ ಬೇಡದ ಕವಲಿಗೆ ಹೋಗುತ್ತದೆ. ಮಳೆಗಾಲದಲ್ಲಿ ಬಂಡೆ ಮುಳುಗಿರುತ್ತದೆ, ತುಲಾ ಸಂಕ್ರಮಣದಿಂದ ಎಂಟು ತಿಂಗಳು ದರ್ಶನ. ಒಂದು ಮುಡಿ ಅಕ್ಕಿ ಕೊಟ್ಟು ಒಂದು ಪ್ರಶ್ನೆ ಕೇಳಬಹುದು, ಹೌದು ಅಥವಾ ಅಲ್ಲ ಎಂಬ ಉತ್ತರ ಸಿಗುತ್ತದೆ.' ಗಾಯ ವಾಸಿಯಾಗುವ ಮಾತು ಇದರಲ್ಲಿಲ್ಲ, ಗಮನಿಸಿ. ಎಲ್ಲ ಗುಡಿಗಳೂ ಆಸ್ಪತ್ರೆಯಾದ್ದರಿಂದಲೇ ನಿಮ್ಮವರು ಮರೆತದ್ದು.

ಪ್ರಶ್ನೆ: ನಮ್ಮ ಊರಿನ ದೈವಗಳನ್ನೇ ಆಟದೊಳಗೆ ತರಬಹುದೇ? (ಓದುಗರು, ನೀರ್ಚಾಲು)

ಉತ್ತರ: ಹೆಸರು ಹಿಡಿದು ಬೇಡ. ಒಂದು ಮನೆಯವರು ಇಂದಿಗೂ ತಂಬಿಲ ಕೊಡುವ ದೈವಕ್ಕೆ ಆಟದಲ್ಲಿ ಇಷ್ಟು ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲದೆಂಬ ಲೆಕ್ಕ) ಎಂದು ಅಂಕಿ ಹಾಕುವುದು, ದಾಳ ಎಸೆದು ಅದನ್ನು ಸೋಲಿಸುವುದು ಆ ಮನೆಯವರಿಗೆ ನೋವಿನ ಸಂಗತಿ. ಮೇಜಿನ ಸುತ್ತ ಕೂತವರಲ್ಲೇ ಅಂಥ ಮನೆಯವರಿರಬಹುದು. ವ್ಯವಸ್ಥೆಯಿಂದ ಕಲಿಯಿರಿ, ಹೆಸರು ನಿಮ್ಮದೇ ಆಗಿರಲಿ. ಕಲಿಯಲಿಕ್ಕೆ ಬೇಕಾದಷ್ಟಿದೆ: ಊರಿಗೊಂದು, ಮನೆತನಕ್ಕೊಂದು ಎಂದು ಹಂಚಿಹೋದ ಅಧಿಕಾರ, ದೂರು ಕೇಳಿ ನ್ಯಾಯ ಹೇಳುವ ರೂಢಿ, ಗರಗಸ ಬೀಳದ ನಾಗಬನ, ವರ್ಷದಲ್ಲಿ ಗೊತ್ತಾದ ದಿನಕ್ಕಷ್ಟೇ ಜೀವ ಬರುವ ಅಂಗಳ. ಇಂಥ ಶಕ್ತಿಯ ಜೊತೆ ಆಡುವವರು ಕಾದಾಡುವುದಲ್ಲ, ಮಾತಾಡಿ ಒಪ್ಪಂದಕ್ಕೆ ಬರುವುದು. ಆದ್ದರಿಂದ ಅದಕ್ಕೆ ಅಂಕಿಗಳ ಪಟ್ಟಿಯೇ ಬೇಕಾಗಿಲ್ಲ.

ಪ್ರಶ್ನೆ: ಕತ್ತಿವರಸೆಗೆ ನೆಲದಡಿಯ ಕೋಟೆ ಎಲ್ಲರೂ ಮಾಡುತ್ತಾರೆ. ನಮ್ಮ ಸುರಂಗಗಳನ್ನು ಬಳಸಿದರೆ ಹೇಗೆ? (ಓದುಗರು, ಮುಳ್ಳೇರಿಯ)

ಉತ್ತರ: ಬಹಳ ಚೆನ್ನಾಗಿರುತ್ತದೆ, ಅಳತೆ ಸರಿಯಿದ್ದರೆ. ನೀರಿಗಾಗಿ ಗುಡ್ಡೆಯ ಬದಿಯಲ್ಲಿ ಅಡ್ಡಲಾಗಿ ಕೊರೆದ ಸುರಂಗ ಒಂದೂವರೆಯಿಂದ ಎರಡೂವರೆ ಅಡಿ ಅಗಲ, ಸುಮಾರು 6 ಅಡಿ ಎತ್ತರ ಇರುತ್ತದೆ: ಒಬ್ಬ ಮನುಷ್ಯ ಹಾರೆ ಬೀಸುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಕೋಲು ಸುಮಾರು ಎರಡೂವರೆ ಅಡಿ. ಕೆಲವು ಹತ್ತು ಕೋಲಿಗೆ ನೀರು ಕೊಡುತ್ತವೆ, ಕೆಲವು ನೂರು ದಾಟಿ ಕವಲೊಡೆಯುತ್ತವೆ. ಒಸರಿದ ನೀರು ತಾನಾಗಿ ಹೊರಗೆ ಹರಿಯಲೆಂದು ನೆಲ ಒಳಗೆ ಹೋದಂತೆ ತುಸು ಏರುತ್ತದೆ. ಬಾಯಿಯಲ್ಲಿ ನೀರು ಹರಿಸುವ ಅಡಿಕೆ ಮರದ ದಂಬೆ, ಮುಂದೆ ಕೆರೆ.

ಈ ಅಳತೆ ಆಟವನ್ನೇ ಬದಲಿಸುತ್ತದೆ. ಐವರು ಹೋದರೆ ಒಬ್ಬರ ಹಿಂದೊಬ್ಬರು. ಎದುರಾದದ್ದರ ಜೊತೆ ಹೋರಾಡುವುದು ಮುಂದಿನವರೊಬ್ಬರೇ. ಉದ್ದ ಕತ್ತಿ ಬೀಸಲಾಗದು, ಚುಚ್ಚಬಹುದು. ಬಿಲ್ಲು ಅಡ್ಡ ಹಿಡಿಯಲಾಗದು. ಹಿಂದೆ ಸರಿಯಬೇಕಾದರೆ ಕೊನೆಯವರು ಮೊದಲಿಗರಾಗುತ್ತಾರೆ, ಅದು ಸಾಮಾನ್ಯವಾಗಿ ಮಂತ್ರವಾದಿ. ಆದ್ದರಿಂದ ಒಳಹೋಗುವ ಮೊದಲೇ ಸಾಲನ್ನು ಕಾಗದದಲ್ಲಿ ಬರೆಸಿಕೊಳ್ಳಿ, ನಡುವೆ ಬದಲಿಸಲು ಬಿಡಬೇಡಿ. ನಿಮಿಷಕ್ಕೆ 10 ಮೀಟರ್ ನಡಿಗೆ ಹಿಡಿಯಿರಿ.

ಅಪಾಯ ಎರಡು ಸಾಕು. ಮೊದಲನೆಯದು ಗಾಳಿ. ಆಳಕ್ಕೆ ಹೋದಂತೆ ಪ್ರಾಣವಾಯು ಕಡಿಮೆಯಾಗುತ್ತದೆ. ದೀಪ ಮಂಕಾದರೆ ಹಿಂತಿರುಗಬೇಕೆಂದು ಸುರಂಗ ತೋಡುವವರಿಗೆ ಗೊತ್ತು. ಮೇಲಿಂದ ಗಾಳಿಗಂಡಿ ಕೊರೆದಿದ್ದರೆ ಮುಂದೆ ಹೋಗಬಹುದು, ಆ ಗಂಡಿಯಿಂದ ಏನಾದರೂ ಇಳಿಯಲೂಬಹುದು. ಐವರೂ ಒಂದೊಂದು ಪಂಜು ಹಿಡಿದರೆ ಗಾಳಿ ಐದು ಪಟ್ಟು ಬೇಗ ಕೆಡುತ್ತದೆ, ಹೊಗೆ ಬೇರೆ. ಎರಡನೆಯದು ಕುಸಿತ. ಮುರಕಲ್ಲು ಗಟ್ಟಿಯಾಗಿ ನಿಲ್ಲುತ್ತದೆ. ಬಿಳಿ ಜೇಡಿಮಣ್ಣಿನ ಪದರ ಸಿಕ್ಕಿದಲ್ಲಿ ನೆನೆದರೆ ನಿಲ್ಲುವುದಿಲ್ಲ. ಗೋಡೆ ಕೆಂಪಿನಿಂದ ಬಿಳಿಗೆ ತಿರುಗಿತು ಎಂದು ವರ್ಣಿಸಿ, ಹೆಚ್ಚೇನೂ ಹೇಳಬೇಡಿ. ನಮ್ಮ ಕಡೆಯವರು ತಾವೇ ನಿಲ್ಲುತ್ತಾರೆ.

ಪ್ರಶ್ನೆ: ಆಟದ ಲೋಕ ಗುಂಡಗೇ ಇರಬೇಕೇ? (ಓದುಗರು, ಮಂಜೇಶ್ವರ)

ಉತ್ತರ: ಬೇಕಿಲ್ಲ. ಗ್ರೆಗ್ ಸ್ಟಾಫರ್ಡ್ ಕಟ್ಟಿದ ಗ್ಲೊರಾಂಥಾ ಎಂಬ ಆಟದ ಲೋಕ 1975ರಲ್ಲಿ ಒಂದು ಬೋರ್ಡ್ ಆಟವಾಗಿ, 1978ರಲ್ಲಿ ರೂನ್‌ಕ್ವೆಸ್ಟ್ ಆಟದ ಮೂಲಕ ರೋಲ್‌ಪ್ಲೇಯಿಂಗ್‌ಗೆ ಬಂತು. ಅದು ಚಪ್ಪಟೆ ಲೋಕ, ಮೇಲೆ ಆಕಾಶದ ಗುಮ್ಮಟ. ನಡುವೆ ಸ್ಪೈಕ್ ಎಂಬ ಮಹಾಪರ್ವತವಿತ್ತು. ಅದು ನಾಶವಾದ ಜಾಗದಲ್ಲಿ ಈಗ ಕಡಲುಗಳೆಲ್ಲ ಸುತ್ತಿ ಇಳಿಯುವ ಮಗಾಸ್ಟಾನ ಸುಳಿಯಿದೆ. ಸೈಫನ್ ಎಂಬ ನದಿ ಸಮುದ್ರದಿಂದ ಒಳನಾಡಿಗೆ, ಹಿಮ್ಮುಖವಾಗಿ ಹರಿಯುತ್ತದೆ. ಅಲ್ಲಿ ಭೂಗೋಳವೂ ಪುರಾಣವೂ ಬೇರೆಯಲ್ಲ.

ಚಪ್ಪಟೆ ಮಾಡಿದರೆ ಪರಿಣಾಮಗಳನ್ನೂ ಒಪ್ಪಿಕೊಳ್ಳಬೇಕು. ಮೇಲೆ ಹೇಳಿದ ದಿಗಂತದ ಲೆಕ್ಕ ನಡೆಯುವುದಿಲ್ಲ. ಹಡಗು ಕೆಳಗಿಂದ ಮರೆಯಾಗದೆ ಚಿಕ್ಕದಾಗುತ್ತ ಮಂಜಿನಲ್ಲಿ ಕರಗುತ್ತದೆ. ಅಂಚಿನಿಂದೇಳುವ ಸೂರ್ಯ ನಾಡಿಗೆಲ್ಲ ಒಟ್ಟಿಗೇ ಹುಟ್ಟುತ್ತಾನೆ. ಎಲ್ಲ ಗುಡಿಗಳ ಉಷಃಪೂಜೆ ಒಂದೇ ಗಳಿಗೆಗೆ ನಡೆಯುತ್ತದೆ. ಇದನ್ನು ಆಟದಲ್ಲಿ ಬಳಸಿ.

ಪ್ರಶ್ನೆ: ಊರುಗಳಿಗೆ ಹೆಸರು ಸಿಗುತ್ತಿಲ್ಲ. (ಓದುಗರು, ಉಪ್ಪಳ)

ಉತ್ತರ: ಸಪಾಟಾದ ನೆಲಕ್ಕೆ ಅಡ್ಕ, ಗುಡ್ಡೆಯ ಮೇಲಿನ ಹುಲ್ಲಿನ ಹರವಿಗೆ ಪದವು, ಗದ್ದೆಯ ತಗ್ಗಿಗೆ ಬೈಲು, ನೀರು ನಿಲ್ಲುವಲ್ಲಿಗೆ ಪಳ್ಳ, ಕಾಡಿಗೆ ಕಾನ. ನಕ್ಷೆಯ ಮನೆ ಯಾವ ಬಗೆಯದೋ ನೋಡಿ ಬಾಲ ಆರಿಸಿ, ಮುಂದೆ ಒಂದು ಮರದ್ದೋ ಪ್ರಾಣಿಯದ್ದೋ ಹೆಸರು ಸೇರಿಸಿ. ಹೆಸರು ಕೇಳಿದ ಕೂಡಲೇ ಆಡುವವರಿಗೆ ನೆಲ ಗೊತ್ತಾಗುತ್ತದೆ. ಎರಡು ಭಾಷೆ ಕೂಡುವ ಕಡೆ ಒಂದೇ ಊರಿಗೆ ಎರಡು ಹೆಸರು ಕೊಡಿ, ನಮ್ಮ ಹೊಸದುರ್ಗವೇ ಕಾಞಂಗಾಡ್ ಆದ ಹಾಗೆ. ಹೊಳೆಗೂ ಹಾಗೆಯೇ: ಮೇಲೆ ಪಯಸ್ವಿನಿ, ಕೆಳಗೆ ಚಂದ್ರಗಿರಿ. ಹಳೆಯ ಕಾಗದದಲ್ಲಿ ಒಂದು ಹೆಸರು, ದೋಣಿಯವನ ಬಾಯಲ್ಲಿ ಇನ್ನೊಂದು ಇದ್ದರೆ, ನಿಧಿ ಹುಡುಕುವವರ ಮೊದಲ ಎರಡು ದಿನದ ಆಟ ಅದರಲ್ಲೇ ಸಾಗುತ್ತದೆ.